ಭಾನುವಾರ ಆಟ, ಸೋಮವಾರ ಕೆಲಸ: ಇಂಗ್ಲೆಂಡಿನ ಎರಡನೇ ಸಾಲಿನ ರಗ್ಬಿ ಲೀಗ್ ಊರುಗಳಲ್ಲಿ

ಗುರುವಾರ, ಹಡರ್ಸ್‌ಫೀಲ್ಡ್

ಲೀಡ್ಸ್ ಮತ್ತು ಮ್ಯಾಂಚೆಸ್ಟರ್ ನಡುವಿನ ರೈಲು ಹಾದಿಯಲ್ಲಿ ಹಡರ್ಸ್‌ಫೀಲ್ಡ್ ಸಿಗುತ್ತದೆ. ಸ್ಟೇಷನ್ನಿನಿಂದ ಹೊರಬಂದ ಕೂಡಲೇ ಸೇಂಟ್ ಜಾರ್ಜ್ ಚೌಕ, ಅಲ್ಲಿ ಮಾಜಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಪ್ರತಿಮೆ, ಒಂದು ಬದಿಗೆ ಜಾರ್ಜ್ ಹೋಟೆಲಿನ ಕಲ್ಲಿನ ಕಟ್ಟಡ. ರಗ್ಬಿ ಲೀಗ್ ನೋಡಲು ಹೊರಟವರು ಇಲ್ಲಿಂದಲೇ ಶುರುಮಾಡುವುದು ಸರಿ. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್‌ಗಳ ಪ್ರತಿನಿಧಿಗಳು ಈ ಹೋಟೆಲಿನಲ್ಲಿ ಸಭೆ ಸೇರಿ ರಗ್ಬಿ ಯೂನಿಯನ್‌ನಿಂದ ಹೊರನಡೆದರು. ಜಗಳ ಇದ್ದದ್ದು ಕೂಲಿಯ ಬಗ್ಗೆ. ಗಣಿ, ಗಿರಣಿಯ ಕೆಲಸಗಾರರು ಶನಿವಾರದ ಪಾಳಿ ಬಿಟ್ಟು ಆಡಲು ಬಂದರೆ ಆ ಹೊತ್ತಿನ ಸಂಬಳ ಕೈತಪ್ಪುತ್ತಿತ್ತು. ಆ ನಷ್ಟ ತುಂಬಿಕೊಡಬೇಕೆಂದು ಉತ್ತರದವರು ಕೇಳಿದರು, ರಗ್ಬಿ ಯೂನಿಯನ್ನಿನ ಆಡಳಿತ ಒಪ್ಪಲಿಲ್ಲ. ದಿನಕ್ಕೆ 6 ಶಿಲಿಂಗ್ ಪರಿಹಾರ ಎಂಬ ನಿಯಮ ಇಟ್ಟುಕೊಂಡು 22 ಕ್ಲಬ್‌ಗಳ ಹೊಸ ಲೀಗ್ ಶುರುವಾಯಿತು. 1906ರಲ್ಲಿ ಒಂದು ತಂಡದ ಆಟಗಾರರ ಸಂಖ್ಯೆ 15ರಿಂದ 13ಕ್ಕೆ ಇಳಿಯಿತು.

ಈ ಹಳೆಯ ಕಥೆ ಎರಡನೇ ಸಾಲಿನ ಚಾಂಪಿಯನ್‌ಶಿಪ್‌ಗೆ ಇವತ್ತಿಗೂ ನೇರವಾಗಿ ಅನ್ವಯಿಸುತ್ತದೆ. ಮೇಲಿನ ಸೂಪರ್ ಲೀಗ್‌ನಲ್ಲಿ ಆಟವೇ ಆಟಗಾರರ ಉದ್ಯೋಗ. ಚಾಂಪಿಯನ್‌ಶಿಪ್‌ನಲ್ಲಿ ಹೆಚ್ಚಿನ ಕ್ಲಬ್‌ಗಳದು ಅರೆಕಾಲಿಕ ಒಪ್ಪಂದ. ಆಟಗಾರ ಹಗಲಲ್ಲಿ ಎಲೆಕ್ಟ್ರಿಷಿಯನ್, ಶಾಲಾ ಶಿಕ್ಷಕ ಅಥವಾ ಕಟ್ಟಡ ಕೆಲಸಗಾರ. ಪಂದ್ಯದ ಗಂಟೆ, ತಾಲೀಮಿನ ದಿನ, ಬಸ್ಸು ಹೊರಡುವ ಹೊತ್ತು ಎಲ್ಲವೂ ಅವನ ಕೆಲಸದ ಪಾಳಿಗೆ ಹೊಂದಿಕೊಂಡೇ ನಿಗದಿಯಾಗುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಸ್ಪರ್ಧೆಯ ಅರ್ಧ ವ್ಯವಸ್ಥೆ ತಾನಾಗಿ ಅರ್ಥವಾಗುತ್ತದೆ.

ಐಪಿಎಲ್, ಪ್ರೊ ಕಬಡ್ಡಿಗಳಲ್ಲಿ ಕೊನೆಯ ಸ್ಥಾನದ ತಂಡವೂ ಮರುವರ್ಷ ಅಲ್ಲೇ ಇರುತ್ತದೆ. ಇಲ್ಲಿ ಸೂಪರ್ ಲೀಗ್, ಚಾಂಪಿಯನ್‌ಶಿಪ್, ಲೀಗ್ ಒನ್ ಎಂಬ ಮೂರು ಮೆಟ್ಟಿಲು 2025ರವರೆಗೆ ಇದ್ದವು. ಹತ್ತುವುದೂ ಉಂಟು, ಜಾರುವುದೂ ಉಂಟು. 2025ರ ಋತುವಿನಲ್ಲಿ ನಡುವಿನ ಮೆಟ್ಟಿಲಲ್ಲಿ ಇದ್ದದ್ದು 13 ಕ್ಲಬ್. ಯಾರ್ಕ್‌ಶೈರ್‌ನಿಂದ ಬ್ಯಾಟ್ಲಿ, ಹ್ಯಾಲಿಫ್ಯಾಕ್ಸ್, ಬ್ರಾಡ್‌ಫರ್ಡ್, ಫೆದರ್‌ಸ್ಟನ್, ಹನ್ಸ್‌ಲೆಟ್, ಡಾನ್‌ಕಾಸ್ಟರ್, ಶೆಫೀಲ್ಡ್, ಯಾರ್ಕ್, ಪೆನೈನ್ ಬೆಟ್ಟಗಳ ಆಚೆಯ ಓಲ್ಡಮ್, ವಿಡ್ನೆಸ್, ವಾಯವ್ಯ ಕಡಲತೀರದ ಬ್ಯಾರೋ, ದೂರದ ಲಂಡನ್, ಇನ್ನೂ ದೂರದ, ಫ್ರಾನ್ಸಿನ ಟುಲೂಸ್.

13 ಬೆಸಸಂಖ್ಯೆ. ಆ ವರ್ಷ ವೇಳಾಪಟ್ಟಿ ಮಾಡುವವರ ಮೊದಲ ತಲೆನೋವು ಅದೇ ಆಗಿತ್ತು. ಪ್ರತಿ ತಂಡವೂ ಉಳಿದ 12 ತಂಡಗಳೊಂದಿಗೆ ತನ್ನ ಊರಲ್ಲೊಮ್ಮೆ, ಅವರ ಊರಲ್ಲೊಮ್ಮೆ ಆಡಿದರೆ ತಲಾ 24 ಪಂದ್ಯ, ಒಟ್ಟು 156. ಒಂದು ಸುತ್ತಿನಲ್ಲಿ ಆರೇ ಪಂದ್ಯ ಸಾಧ್ಯ, ಒಂದು ತಂಡ ಸುಮ್ಮನೆ ಕೂರಬೇಕು. ಹಾಗಾಗಿ 26 ಸುತ್ತು ಬೇಕು. ಗಾಯಾಳುಗಳಿಗೆ ಆ ಬಿಡುವಿನ ವಾರ ವರವೇ ಆದರೂ ಟಿಕೆಟ್ ದುಡ್ಡನ್ನೇ ನಂಬಿದ ಕ್ಲಬ್ಬಿಗೆ ಅದು ಖಾಲಿ ವಾರ. ಗೆಲುವಿಗೆ 2 ಅಂಕ, ಸಮವಾದರೆ 1. 2007ರಿಂದ 2014ರವರೆಗೆ ಗೆಲುವಿಗೆ 3 ಅಂಕವಿತ್ತು, 12 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ 1 ಸಿಗುತ್ತಿತ್ತು. ಹಳೆಯ ಅಂಕಪಟ್ಟಿ ಓದುವಾಗ ಇದು ನೆನಪಿರಬೇಕು.

ಗುರುವಾರ ಸಂಜೆ ಈ ಸೀಮೆಯ ಯಾವ ಮೈದಾನದ ಪಕ್ಕ ಹೋದರೂ ದೀಪ ಉರಿಯುತ್ತಿರುತ್ತದೆ. ಅರೆಕಾಲಿಕ ಕ್ಲಬ್ಬಿನ ವಾರದಲ್ಲಿ ಸಾಮಾನ್ಯವಾಗಿ ಮಂಗಳವಾರ ಮತ್ತು ಗುರುವಾರದ ಸಂಜೆ ತಾಲೀಮು. ಮಂಗಳವಾರ ಮೈಗೆ ಮೈ ತಾಗುವ ಕೆಲಸ. ಗುರುವಾರ ಭಾನುವಾರದ ಎದುರಾಳಿಗೆಂದು ಹೂಡಿದ ಚಲನೆಗಳು, ಒದೆತದ ಯೋಜನೆ. ಹಗಲೆಲ್ಲ ಇಟ್ಟಿಗೆ ಹೊತ್ತವನಿಗೆ ಸಂಜೆ ಮತ್ತೆ ಟ್ಯಾಕಲ್ (ಚೆಂಡು ಹಿಡಿದವನನ್ನು ತಡೆದು ಕೆಡವುವುದು) ಮಾಡಿಸಿದರೆ ಸ್ನಾಯು ಹರಿಯುತ್ತದೆ, ಆದ್ದರಿಂದ ಬಲ್ಲ ಕೋಚ್‌ಗಳು ತಾಲೀಮನ್ನು ಚಿಕ್ಕದಾಗಿ, ಬಿಗಿಯಾಗಿ ಇಡುತ್ತಾರೆ.

ಶುಕ್ರವಾರ, ಬ್ರಾಡ್‌ಫರ್ಡ್ ಮತ್ತು ಹ್ಯಾಲಿಫ್ಯಾಕ್ಸ್

ಬ್ರಾಡ್‌ಫರ್ಡಿನ ಓಡ್ಸಲ್ ಮೈದಾನಕ್ಕೆ ಹತ್ತಿರದ ರೈಲು ನಿಲ್ದಾಣ ಲೋ ಮೂರ್. ಅಲ್ಲಿಂದ ಏರುದಾರಿಯ ನಡಿಗೆ. ಊರ ಮಧ್ಯದಿಂದ ಬಸ್ಸಿನಲ್ಲಿ ಬರುವುದು ಸುಲಭ. ಹಳೆಯ ಕಲ್ಲುಗಣಿಯ ಗುಂಡಿಗೆ ಊರಿನ ಕಸ ತುಂಬಿಸಿ, ಸುತ್ತ ದಂಡೆ ಕಟ್ಟಿ 1934ರಲ್ಲಿ ತೆರೆದ ಕ್ರೀಡಾಂಗಣ ಇದು. ರಸ್ತೆಯ ಮಟ್ಟದಲ್ಲಿ ನಿಂತು ನೋಡಿದರೆ ಆಟದ ಅಂಗಳ ಆಳದಲ್ಲಿ ಕಾಣುತ್ತದೆ. 1954ರಲ್ಲಿ ಹ್ಯಾಲಿಫ್ಯಾಕ್ಸ್ ಮತ್ತು ವಾರಿಂಗ್ಟನ್ ನಡುವಿನ ಚಾಲೆಂಜ್ ಕಪ್ (ರಗ್ಬಿ ಲೀಗ್ ಕ್ಲಬ್‌ಗಳ ನಾಕೌಟ್ ಸ್ಪರ್ಧೆ) ಫೈನಲ್‌ನ ಮರುಪಂದ್ಯಕ್ಕೆ ಇಲ್ಲಿ ಅಧಿಕೃತವಾಗಿ 1,02,569 ಜನ ಸೇರಿದ್ದರು. ಅಂಗಳದ ಸುತ್ತ ಈಗ ಕಾರು ರೇಸಿನ ಟ್ರ್ಯಾಕ್ ಇದೆ. ಟ್ರೈ ಗೆರೆಯ (ಇದರಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ) ಹಿಂದಿನ ಮೂಲೆಗಳನ್ನು ಆ ಟ್ರ್ಯಾಕ್ ಕತ್ತರಿಸುತ್ತದೆ. ಮೂಲೆಗೆ ಒದ್ದ ಚೆಂಡನ್ನು ಬೆನ್ನಟ್ಟುವ ಹೊಸಬರಿಗೆ ಜಾಗ ಮುಗಿದದ್ದು ತಡವಾಗಿ ತಿಳಿಯುತ್ತದೆ.

ಹಣದ ವಿಷಯದಲ್ಲಿ ಈ ಸ್ಪರ್ಧೆ ಎಷ್ಟು ಅಲುಗಾಡುವ ನೆಲದ ಮೇಲಿದೆ ಎನ್ನುವುದಕ್ಕೂ ಓಡ್ಸಲ್ ಸಾಕ್ಷಿ. ಸೂಪರ್ ಲೀಗ್ ಗೆದ್ದಿದ್ದ ಬ್ರಾಡ್‌ಫರ್ಡ್ ಬುಲ್ಸ್ ಕಂಪನಿ 2017ರ ಜನವರಿಯಲ್ಲಿ ಮುಚ್ಚಿತು. ಹೊಸ ಮಾಲೀಕರ ಕ್ಲಬ್ಬಿಗೆ ಚಾಂಪಿಯನ್‌ಶಿಪ್‌ನಲ್ಲಿ ಜಾಗ ಸಿಕ್ಕಿತು, ಆದರೆ ಮೈನಸ್ 12 ಅಂಕಗಳೊಂದಿಗೆ. ಅಂದರೆ ಆರು ಗೆಲುವು ಕಂಡರೆ ಮಾತ್ರ ಸೊನ್ನೆಗೆ ಬರುವುದು. ಆ ವರ್ಷ ತಂಡ ಕೆಳಗಿನ ಮೆಟ್ಟಿಲಿಗೆ ಜಾರಿತು. ಬಾಕಿ ಉಳಿಸಿಕೊಂಡು ಕಂಪನಿ ಮುಚ್ಚುವವರಿಗೆ ಅಂಕ ಕಡಿತ ಇರಲೇಬೇಕು, ಇಲ್ಲದಿದ್ದರೆ ಕೈಯಲ್ಲಿರುವಷ್ಟೇ ಖರ್ಚು ಮಾಡುವ ಪಕ್ಕದೂರಿನ ಕ್ಲಬ್ಬಿಗೆ ಅನ್ಯಾಯ. ಶಿಕ್ಷೆ ಮಾತ್ರ ಹಳೆಯ ಮಾಲೀಕರನ್ನು ಮುಟ್ಟುವುದಿಲ್ಲ. ಹೊಸ ಆಟಗಾರರು, ಅಭಿಮಾನಿಗಳು ಅದನ್ನು ಹೊರುತ್ತಾರೆ.

ಮಧ್ಯಾಹ್ನ ಹ್ಯಾಲಿಫ್ಯಾಕ್ಸ್. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ದಿ ಶೇ ಮೈದಾನವಿದೆ. ಇಲ್ಲಿ ಫುಟ್‌ಬಾಲ್ ಕ್ಲಬ್ಬೂ ಆಡುತ್ತದೆ. ಫುಟ್‌ಬಾಲ್ ಋತು ಆಗಸ್ಟ್‌ನಿಂದ ಮೇವರೆಗೆ, ರಗ್ಬಿ ಲೀಗ್ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ. ಫೆಬ್ರವರಿ–ಏಪ್ರಿಲ್, ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಎರಡೂ ಆಟ ಒಂದೇ ಹುಲ್ಲಿನ ಮೇಲೆ. ಚಳಿಗಾಲದ ಕೊನೆಯಲ್ಲಿ ಹುಲ್ಲು ಬೆಳೆಯುವುದಿಲ್ಲ. ಶನಿವಾರ ಫುಟ್‌ಬಾಲಿನವರು ಕಿತ್ತ ನೆಲದ ಮೇಲೆ ಭಾನುವಾರ ರಗ್ಬಿಯವರು ಬೀಳುತ್ತಾರೆ. ಹಳೆಯ ಗೆರೆ ಅಳಿಸಿ ಹೊಸ ಗೆರೆ ಎಳೆಯಬೇಕು, ಗೋಲಿನ ಕಂಬ ಬದಲಿಸಬೇಕು, ಇದೆಲ್ಲ ಒಂದೇ ರಾತ್ರಿಯಲ್ಲಿ. ಯಾರ್ಕ್, ಡಾನ್‌ಕಾಸ್ಟರ್, ಓಲ್ಡಮ್ ಕ್ಲಬ್‌ಗಳದೂ ಫುಟ್‌ಬಾಲ್ ಜೊತೆಗಿನ ಪಾಲುದಾರಿಕೆಯೇ. ವಿಡ್ನೆಸ್ 2012ರಲ್ಲಿ ಕೃತಕ ಹುಲ್ಲು ಹಾಸಿದ್ದರ ಹಿಂದೆ ಮೈದಾನವನ್ನು ವಾರವಿಡೀ ಬಳಸುವ ಲೆಕ್ಕಾಚಾರವಿತ್ತು. ಅಲ್ಲಿ ಪಂದ್ಯ ಮುಂದೂಡುವ ಗೋಳು ಕಡಿಮೆ, ಮೊಣಕಾಲು ಮೊಣಕೈ ಉಜ್ಜಿ ಸುಲಿಯುವುದು ಹೆಚ್ಚು.

ಶನಿವಾರ, ಫೆದರ್‌ಸ್ಟನ್

ವೇಕ್‌ಫೀಲ್ಡಿನಿಂದ ಪಾಂಟಿಫ್ರಾಕ್ಟ್ ಕಡೆಗೆ ಹೋಗುವ ರೈಲಿನಲ್ಲಿ ಫೆದರ್‌ಸ್ಟನ್. ಸುಮಾರು 15 ಸಾವಿರ ಜನರ ಗಣಿಯ ಊರು, ಗಣಿ 1985ರಲ್ಲಿ ಮುಚ್ಚಿತು. ಮೈದಾನದ ಹೆಸರು ಪೋಸ್ಟ್ ಆಫೀಸ್ ರೋಡ್. ಇಷ್ಟು ಚಿಕ್ಕ ಊರು 1967, 1973, 1983ರಲ್ಲಿ ಚಾಲೆಂಜ್ ಕಪ್ ಗೆದ್ದಿದೆ. ಸೂಪರ್ ಲೀಗ್ ಬಾಗಿಲು ಮಾತ್ರ ತೆರೆಯಲಿಲ್ಲ: 2019ರಲ್ಲಿ ಕೆನಡಾದ ಟೊರಾಂಟೊ ಎದುರು, 2021ರಲ್ಲಿ ಟುಲೂಸ್ ಎದುರು ಬಡ್ತಿಯ ಫೈನಲ್ ಸೋತರು, 2023ರಲ್ಲಿ ಅಂಕಪಟ್ಟಿಯ ಮೊದಲ ಸ್ಥಾನ ಪಡೆದೂ ಸೆಮಿಫೈನಲ್‌ನಲ್ಲಿ ಲಂಡನ್‌ಗೆ ಸೋತರು.

ಶನಿವಾರ ಚಾಂಪಿಯನ್‌ಶಿಪ್ ಕೋಚ್‌ಗಳ ಫೋನಿನ ದಿನ. ಸೂಪರ್ ಲೀಗ್ ಪಂದ್ಯಗಳು ಹೆಚ್ಚಾಗಿ ಗುರುವಾರದಿಂದ ಶನಿವಾರದೊಳಗೆ ಮುಗಿಯುತ್ತವೆ. ಅಲ್ಲಿ ಪಂದ್ಯದ ಹದಿನೇಳು ಮಂದಿಯಲ್ಲಿ ಜಾಗ ಸಿಗದ ಆಟಗಾರ ಎರಡು ರೀತಿಯಲ್ಲಿ ಕೆಳಗಿನ ತಂಡಕ್ಕೆ ಬರಬಹುದು. ಒಂದು ಎರವಲು, ಅದಕ್ಕೆ ಗೊತ್ತಾದ ಅವಧಿ ಇರುತ್ತದೆ, ಅಷ್ಟು ದಿನ ಅವನು ಹೊಸ ತಂಡದವನೇ. ಇನ್ನೊಂದು ಜೋಡಿ ನೋಂದಣಿ. ಪಾಲುದಾರ ಕ್ಲಬ್‌ಗಳ ನಡುವೆ ವಾರವಾರ ಓಡಾಡುವ ಅವಕಾಶ. ಬಡ ಕ್ಲಬ್ಬಿಗೆ ಇದರಿಂದ ಸಂಬಳದ ಹೊರೆಯಿಲ್ಲದೆ ಒಳ್ಳೆಯ ಆಟಗಾರ ಸಿಗುತ್ತಾನೆ. ತೊಂದರೆ ಏನೆಂದರೆ, ಅವನು ಬರುತ್ತಾನೋ ಇಲ್ಲವೋ ಎಂಬುದು ಕೊನೆಯ ಗಳಿಗೆಯವರೆಗೂ ಗೊತ್ತಾಗುವುದಿಲ್ಲ. ಬಂದರೂ ಗುರುವಾರದ ತಾಲೀಮಿನಲ್ಲಿ ಇರದ ಕಾರಣ ತಂಡದ ಸಂಕೇತದ ಕೂಗು ಅವನಿಗೆ ಹೊಸದು. ರಕ್ಷಣೆಯ ಸಾಲಿನಲ್ಲಿ ಅವನ ಎಡ-ಬಲದಲ್ಲೇ ಬಿರುಕು ಬಿಡುವುದನ್ನು ಗಮನಿಸಿ ನೋಡಬಹುದು. ವಾರವಿಡೀ ಬೆವರು ಹರಿಸಿದ ಊರ ಹುಡುಗ ಆ ಭಾನುವಾರ ಬೇಲಿಯ ಆಚೆ ನಿಲ್ಲುತ್ತಾನೆ. ಜೋಡಿ ನೋಂದಣಿಗಿಂತ ಎರವಲು ಪದ್ಧತಿಯೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಭಾನುವಾರ, ಬ್ಯಾಟ್ಲಿ

ರಗ್ಬಿ ಲೀಗ್‌ನಲ್ಲಿ ಭಾನುವಾರದ ಪಂದ್ಯಗಳು ಶುರುವಾದದ್ದು 1967ರಲ್ಲಿ. ಚಾಂಪಿಯನ್‌ಶಿಪ್‌ಗೆ ಈಗ ಭಾನುವಾರ ಮಧ್ಯಾಹ್ನ ಮೂರು ಗಂಟೆ ಎಂದರೆ ಮನೆಯ ಗಂಟೆ. ಶನಿವಾರವೂ ದುಡಿಯುವ ಆಟಗಾರರಿದ್ದಾರೆ, ಭಾನುವಾರ ಎಲ್ಲರೂ ಸಿಗುತ್ತಾರೆ. ಪ್ರಯಾಣಿಕರಿಗೆ ಮಾತ್ರ ಭಾನುವಾರ ಕಷ್ಟದ ದಿನ: ರೈಲು ಕಡಿಮೆ, ಜೊತೆಗೆ ಹಡರ್ಸ್‌ಫೀಲ್ಡ್–ಡ್ಯೂಸ್‌ಬರಿ ನಡುವಿನ ಹಾದಿಯಲ್ಲಿ ದೊಡ್ಡ ನವೀಕರಣ ಕೆಲಸ ನಡೆದಿದ್ದು ಎಷ್ಟೋ ವಾರಾಂತ್ಯ ರೈಲಿನ ಬದಲು ಬಸ್ಸು ಬಿಡುತ್ತಾರೆ. ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿಕೊಳ್ಳಬೇಕು, ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು.

ಬ್ಯಾಟ್ಲಿ ಸ್ಟೇಷನ್ನಿನಿಂದ ಮೌಂಟ್ ಪ್ಲೆಸೆಂಟ್‌ಗೆ ಗುಡ್ಡ ಹತ್ತಬೇಕು. ಸುತ್ತಲಿನ ಬೀದಿಗಳಲ್ಲಿ ಗುಜರಾತಿ ಮೂಲದ ಮುಸ್ಲಿಂ ಕುಟುಂಬಗಳು ಹಲವಾರು. ಉಣ್ಣೆ ಗಿರಣಿಗಳಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು. ಬ್ಯಾಟ್ಲಿ 1895ರ ಸ್ಥಾಪಕ ಕ್ಲಬ್‌ಗಳಲ್ಲೊಂದು, 1897ರ ಮೊಟ್ಟಮೊದಲ ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ತಂಡವನ್ನು 10–3ರಿಂದ ಸೋಲಿಸಿದ ಕ್ಲಬ್ ಕೂಡ.

ಪಂದ್ಯದ ದಿನದ ಕೆಲಸ ಬೆಳಿಗ್ಗೆಯೇ ಶುರು. ಫೆಬ್ರವರಿ, ಮಾರ್ಚ್‌ನಲ್ಲಾದರೆ ಮೊದಲು ನೆಲ ಪರೀಕ್ಷೆ: ಮಂಜುಗಟ್ಟಿದೆಯೇ, ನೀರು ನಿಂತಿದೆಯೇ ಎಂದು ರೆಫರಿ ನಡೆದು ನೋಡುತ್ತಾರೆ. ಬೂಟಿನ ಮೊಳೆ ನೆಲಕ್ಕಿಳಿಯದಿದ್ದರೆ ಆಟವಿಲ್ಲ. ತೀರ್ಮಾನ ಬೇಗ ಆಗಬೇಕು, ಬ್ಯಾರೋ ಅಥವಾ ಲಂಡನ್‌ನಿಂದ ಬರುವ ಬಸ್ಸು ಬೆಳಿಗ್ಗೆಯೇ ಹೊರಟಿರುತ್ತದೆ. ಮುಂದೂಡಿದ ಪಂದ್ಯವನ್ನು ವಾರದ ನಡುವೆ ತುರುಕಬೇಕಾಗುತ್ತದೆ, ಆಗ ಅರೆಕಾಲಿಕ ಆಟಗಾರರು ಕೆಲಸಕ್ಕೆ ರಜೆ ಹಾಕಬೇಕು. 1895ರಲ್ಲಿ ಜಗಳವಾದದ್ದು ಇಂಥದ್ದೇ ರಜೆಯ ಸಂಬಳಕ್ಕೆ.

ಪಂದ್ಯಕ್ಕೆ ಸುಮಾರು ಒಂದು ಗಂಟೆ ಮೊದಲು ತಂಡದ ಪಟ್ಟಿ ಬದಲಾಯಿಸಿಕೊಳ್ಳುತ್ತಾರೆ: ಕಣದಲ್ಲಿ 13, ಬೆಂಚಿನಲ್ಲಿ 4. ವೈದ್ಯರು ಬಂದಿರಬೇಕು, ವೈದ್ಯರಿಲ್ಲದೆ ಆಟ ಶುರುವಾಗುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆದು 15 ನಿಮಿಷ ಪರೀಕ್ಷೆ ಮಾಡುತ್ತಾರೆ, ಪಾಸಾಗದಿದ್ದರೆ ಆ ದಿನ ಅವನು ಮತ್ತೆ ಇಳಿಯುವಂತಿಲ್ಲ. ಸೂಪರ್ ಲೀಗ್‌ನ ಎಲ್ಲ ಪಂದ್ಯಗಳಿಗೂ 2024ರಲ್ಲಿ ವಿಡಿಯೋ ರೆಫರಿ ಬಂದರು. ಇಲ್ಲಿ ಒಬ್ಬ ರೆಫರಿ, ಬದಿಗೆರೆಯಲ್ಲಿ ಇಬ್ಬರು ಟಚ್ ಜಡ್ಜ್, ಅಷ್ಟೇ. ಗುಂಪಿನ ಅಡಿಯಲ್ಲಿ ಚೆಂಡು ನೆಲ ಮುಟ್ಟಿತೋ ಇಲ್ಲವೋ ಎಂಬುದನ್ನು ಒಂದೇ ನೋಟದಲ್ಲಿ ಹೇಳಬೇಕು. ಕೆಲವು ತೀರ್ಪು ತಪ್ಪುತ್ತವೆ, ಆಟ ಮಾತ್ರ ನಿಲ್ಲದೆ ಹರಿಯುತ್ತದೆ.

ಹೊಸದಾಗಿ ನೋಡುವವರಿಗೆ ಇಷ್ಟು ಗೊತ್ತಿದ್ದರೆ ಸಾಕು: 40 ನಿಮಿಷದ ಎರಡು ಅವಧಿ. ಟ್ರೈಗೆ 4 ಅಂಕ, ನಂತರದ ಒದೆತಕ್ಕೆ 2, ಪೆನಾಲ್ಟಿ ಒದೆತಕ್ಕೆ 2, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಒದೆಯುವ ಡ್ರಾಪ್ ಗೋಲಿಗೆ 1. ಚೆಂಡು ಹಿಡಿದವನನ್ನು ಆರು ಸಲ ಕೆಡವಿದರೆ ಚೆಂಡು ಎದುರಾಳಿಗೆ. ಅದಕ್ಕೇ ಐದನೆಯ ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ದೂರಕ್ಕೆ ಒದೆಯುತ್ತಾರೆ.

ಆ ಒದೆತದಲ್ಲೇ ಮೌಂಟ್ ಪ್ಲೆಸೆಂಟ್‌ನ ಗುಟ್ಟು ಇರುವುದು. ಈ ಮೈದಾನ ಕಣ್ಣಿಗೆ ಕಾಣುವಷ್ಟು ಇಳಿಜಾರು. ನಾಣ್ಯ ಚಿಮ್ಮಿ ಗೆದ್ದ ನಾಯಕ ಯಾವ ಕಡೆ ಆರಿಸುತ್ತಾನೆ ಎಂದು ನೋಡಬೇಕು. ಇಳಿಜಾರಿನ ಕಡೆ ಆಡುವವರಿಗೆ ಲಾಭವೆಂದು ತೋರುತ್ತದೆ, ಮುನ್ನುಗ್ಗುವ ಆಟಗಾರರಿಗೆ ನಿಜಕ್ಕೂ ಲಾಭವೇ. ಆದರೆ ಒದೆಯುವವನು ಒಂದಿಷ್ಟು ಬಲ ಹೆಚ್ಚು ಹಾಕಿದರೂ ಚೆಂಡು ಉರುಳುತ್ತಾ ಹಿಂದಿನ ಗೆರೆ ದಾಟುತ್ತದೆ, ಆಗ ಎದುರಾಳಿಗೆ 20 ಮೀಟರ್ ಗೆರೆಯಿಂದ ಆರರ ಬದಲು ಏಳು ಟ್ಯಾಕಲ್ ಸಿಗುತ್ತದೆ. ಹೊರಗಿನ ತಂಡಗಳು ಎಡವುವುದು ಇಲ್ಲೇ. ಏರುಮುಖವಾಗಿ ಆಡುವಾಗ ಒದೆತ ಗಿಡ್ಡ ಬೀಳುತ್ತದೆ, ಬಲ್ಲವರು ಆಗ ಚೆಂಡನ್ನು ಕೈಯಲ್ಲೇ ಇಟ್ಟು ಹೊತ್ತು ಕಳೆಯುತ್ತಾರೆ.

ತಿನ್ನಲು ಮಾಂಸದ ಪೈ, ಜೊತೆಗೆ ಬೇಯಿಸಿ ಹಿಸುಕಿದ ಬಟಾಣಿ. ಸಸ್ಯಾಹಾರಿಗಳು ಚಿಪ್ಸ್ ಮತ್ತು ಬಟಾಣಿ ಕೇಳಬಹುದು; ಮೇಲೆ ಸುರಿಯುವ ಗ್ರೇವಿ ಮಾಂಸದ್ದಾಗಿರಬಹುದು, ಬೇಡವೆಂದು ಮೊದಲೇ ಹೇಳಿ. ಗೇಟಿನಲ್ಲಿ ಟಿಕೆಟ್ ಹರಿಯುವವರು, ಪುಸ್ತಿಕೆ ಮಾರುವವರು, ಗೆರೆ ಎಳೆಯುವವರು ಬಹುಪಾಲು ಸಂಬಳವಿಲ್ಲದೆ ದುಡಿಯುವ ಊರಿನವರು. ಅವರಿಲ್ಲದೆ ಈ ಸ್ಪರ್ಧೆ ಒಂದು ವಾರವೂ ನಡೆಯದು. ಇಂಥ ಅರೆಕಾಲಿಕ ಕ್ಲಬ್ ಆದ ಬ್ಯಾಟ್ಲಿ 2022ರಲ್ಲಿ ಬಡ್ತಿಯ ಫೈನಲ್ ತಲುಪಿತು. ಅಲ್ಲಿ ಲೀ ತಂಡಕ್ಕೆ 44–12ರಿಂದ ಸೋತರೂ ಅದು ದೊಡ್ಡ ಸಾಧನೆ.

ಸೋಮವಾರ, ಮ್ಯಾಂಚೆಸ್ಟರ್

ಈ ಆಟದ ಆಡಳಿತ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಲೀಗ್‌ನ ಕಚೇರಿ ಈಗ ಮ್ಯಾಂಚೆಸ್ಟರ್‌ನ ಎತಿಹಾದ್ ಆವರಣದಲ್ಲಿದೆ. ಸೋಮವಾರ ಪಂದ್ಯ ಪರಿಶೀಲನಾ ಸಮಿತಿ ಹಿಂದಿನ ದಿನಗಳ ವಿಡಿಯೋ ನೋಡಿ ಅಪಾಯಕರ ಟ್ಯಾಕಲ್‌ಗಳಿಗೆ ಆರೋಪ ಹೊರಿಸುತ್ತದೆ. ಒಪ್ಪದವರ ವಿಚಾರಣೆ ಮಂಗಳವಾರ. ಅಮಾನತಾದವನ ಬದಲಿ ಯಾರೆಂದು ಕೋಚ್‌ಗೆ ಗೊತ್ತಾಗುವ ಹೊತ್ತಿಗೆ ವಾರದ ಮೊದಲ ತಾಲೀಮು ಮುಗಿದಿರುತ್ತದೆ.

ಯಾರು ಮೇಲೆ ಹೋಗಬೇಕು ಎಂಬ ಪ್ರಶ್ನೆಗೆ ಲೀಗ್ ಪದೇಪದೇ ಉತ್ತರ ಬದಲಿಸಿದೆ. 1973ರಿಂದ ಎರಡು ಸಾಲುಗಳು ಕಾಯಂ ಆದವು. 1996ರಲ್ಲಿ ಸೂಪರ್ ಲೀಗ್ ಬಂದು ಆಟ ಬೇಸಿಗೆಗೆ ಸರಿಯಿತು. 2009ರಿಂದ 2014ರವರೆಗೆ ಪರವಾನಗಿ ಪದ್ಧತಿ: ಕೆಳಗೆ ಗೆದ್ದ ಮಾತ್ರಕ್ಕೆ ಬಡ್ತಿಯಿಲ್ಲ. 2015ರಿಂದ 2018ರವರೆಗೆ ಮೇಲಿನ ಕೊನೆಯ ನಾಲ್ಕು, ಕೆಳಗಿನ ಮೊದಲ ನಾಲ್ಕು ತಂಡಗಳನ್ನು ಬೆರೆಸಿ ಆಡಿಸಿದರು. ಕೊನೆಯ ಜಾಗಕ್ಕೆ ‘ಮಿಲಿಯನ್ ಪೌಂಡ್ ಗೇಮ್’. 2018ರಲ್ಲಿ ಲಂಡನ್ ಟೊರಾಂಟೊಗೇ ಹೋಗಿ ಅದನ್ನು 4–2ರಿಂದ ಗೆದ್ದಿತು, ಒಂದೂ ಟ್ರೈ ಇಲ್ಲದ ಪಂದ್ಯ.

2025ರ ಋತುವಿನಿಂದ ದರ್ಜೆ ಪದ್ಧತಿ ಜಾರಿಯಾಯಿತು. ಐಎಂಜಿ ಕಂಪನಿಯ ಸಲಹೆಯಂತೆ ಪ್ರತಿ ಕ್ಲಬ್ಬಿಗೆ 20ಕ್ಕೆ ಅಂಕ: ಅಭಿಮಾನಿ ಬಳಗಕ್ಕೆ 5, ಆಟದ ಸಾಧನೆಗೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಸಮುದಾಯಕ್ಕೆ 2.5. 15 ದಾಟಿದರೆ ‘ಎ’ ದರ್ಜೆ. ಅಂದರೆ ಮೈದಾನದ ಗೆಲುವಿಗೆ ಕಾಲು ಭಾಗದ ತೂಕ. ಹೊಡೆತ ಬಿದ್ದದ್ದು ಲಂಡನ್‌ಗೆ. 2023ರ ಫೈನಲ್‌ನಲ್ಲಿ ಟುಲೂಸ್‌ಗೇ ಹೋಗಿ 18–14ರಿಂದ ಗೆದ್ದು ಮೇಲೆ ಬಂದರು, ದರ್ಜೆ ಅಂಕ ಸಾಲದೆ 2024ರ ಕೊನೆಗೆ ಕೆಳಗಿಳಿದರು. ಅದೇ ವರ್ಷ ವೇಕ್‌ಫೀಲ್ಡ್ ಹೊಸ ಸ್ಟ್ಯಾಂಡ್ ಕಟ್ಟಿ, ಚಾಂಪಿಯನ್‌ಶಿಪ್ ಫೈನಲ್ ಅನ್ನು 36–0ರಿಂದ ಗೆದ್ದು, 15.09 ಅಂಕದೊಂದಿಗೆ ‘ಎ’ ದರ್ಜೆ ಪಡೆದು ಮೇಲೆ ಹೋಯಿತು. ಸಾಲ ಮಾಡಿ ಆಟಗಾರರನ್ನು ಕೊಳ್ಳುವ ಚಟಕ್ಕೆ ಈ ಪದ್ಧತಿ ಕಡಿವಾಣ ಹಾಕುತ್ತದೆ, ನಿಜ. ಆದರೆ ಭಾನುವಾರದ 80 ನಿಮಿಷಕ್ಕೆ ಇಷ್ಟು ಕಡಿಮೆ ತೂಕ ಕೊಟ್ಟದ್ದು ಸರಿಯಲ್ಲ.

ಬುಧವಾರ, ಬ್ಯಾರೋ

ಲ್ಯಾಂಕಾಸ್ಟರ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ, ಮೋರ್ಕಮ್ ಕೊಲ್ಲಿಯ ಅಂಚಿನಲ್ಲಿ, ಎರಡು ಉದ್ದನೆಯ ಸೇತುವೆ ದಾಟಿ. ಬಲಬದಿಗಿಂತ ಎಡಬದಿಯ ಕಿಟಕಿ ಚೆಂದ. ತಂಡದ ಬಸ್ಸುಗಳು ಎಂ6 ಹೆದ್ದಾರಿಯ 36ನೇ ತಿರುವಿನಲ್ಲಿ ಇಳಿದು ಎ590 ಹಿಡಿಯುತ್ತವೆ. ಬೇಸಿಗೆಯ ಭಾನುವಾರ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವ ಕಾರುಗಳ ಸಾಲಿನಲ್ಲಿ ಅಲ್ಲೇ ಸಿಕ್ಕಿಬೀಳುತ್ತವೆ. ಬ್ಯಾರೋ ಜಲಾಂತರ್ಗಾಮಿ ಕಟ್ಟುವ ಊರು, 1955ರಲ್ಲಿ ಚಾಲೆಂಜ್ ಕಪ್ ಗೆದ್ದ ಊರು. ಉಳಿದ ಕ್ಲಬ್‌ಗಳು ಹೆಚ್ಚಾಗಿ ಎಂ62 ಹೆದ್ದಾರಿಯ ಆಸುಪಾಸಿನಲ್ಲಿವೆ, ಆಟಗಾರ ಮನೆ ಬದಲಿಸದೆ ಕ್ಲಬ್ ಬದಲಿಸಬಹುದು. ಬ್ಯಾರೋಗೆ ಆ ಅನುಕೂಲವಿಲ್ಲ. ಎಂ62 ಸೀಮೆಯಿಂದ ಒಬ್ಬನನ್ನು ಕರೆತಂದರೆ ಕೆಲಸ ಮುಗಿಸಿ ಸಂಜೆಯ ತಾಲೀಮಿಗೆ ಬರಲು ಅವನಿಗೆ ಎರಡು ಗಂಟೆಯ ದಾರಿ. ಹಾಗಾಗಿ ಈ ಕ್ಲಬ್ ಊರ ಹುಡುಗರನ್ನು ಬೆಳೆಸಿಯೇ ಉಳಿಯಬೇಕು.

ಶನಿವಾರ, ಟುಲೂಸ್

ಸ್ತಾದ್ ಎರ್ನೆಸ್ಟ್-ವಾಲನ್ ಹೆಸರಾಂತ ರಗ್ಬಿ ಯೂನಿಯನ್ ಕ್ಲಬ್ಬಿನ ಮನೆ. ಟುಲೂಸ್ ಒಲಿಂಪಿಕ್ ಅಲ್ಲೇ ಆಡುತ್ತದೆ. ಮೆಟ್ರೊ ಬಿ ಮಾರ್ಗದಲ್ಲಿ ಬಾರಿಯೆರ್ ದ ಪಾರಿ ನಿಲ್ದಾಣಕ್ಕೆ ಬಂದು ಅಲ್ಲಿಂದ ನಡೆಯಬಹುದು. ಚಾಂಪಿಯನ್‌ಶಿಪ್‌ನ ಇಂಗ್ಲೆಂಡಿನ ತಂಡಗಳಿಗೆ 2025ರವರೆಗೆ ಇದು ವರ್ಷದ ಅತಿ ಕಠಿಣ ಪ್ರಯಾಣವಾಗಿತ್ತು: ಕೆಲಸಕ್ಕೆ ರಜೆ, ವಿಮಾನ, ಬಿಸಿಲು, ಎದುರಿಗೆ ಪೂರ್ಣಕಾಲಿಕ ಆಟಗಾರರು. ಬ್ರೆಕ್ಸಿಟ್ ನಂತರ ಪಾಸ್‌ಪೋರ್ಟ್ ಗಡಿಬಿಡಿ ಹೆಚ್ಚಿದೆ; ಪಪುವಾ ನ್ಯೂ ಗಿನಿ, ಫಿಜಿ ದೇಶದ ಆಟಗಾರರಿಗೆ ಷೆಂಗೆನ್ ವೀಸಾ ಬೇಕು, ಅರ್ಜಿ ತಡವಾದರೆ ಆ ಪಂದ್ಯಕ್ಕೆ ಅವನಿಲ್ಲ. 2021ರಲ್ಲಿ ಕೋವಿಡ್ ಕಾರಣ ಎಲ್ಲರೂ ಒಂದೇ ಸಂಖ್ಯೆಯ ಪಂದ್ಯ ಆಡಲಾಗಲಿಲ್ಲ, ಅಂಕಪಟ್ಟಿಯನ್ನು ಗೆಲುವಿನ ಶೇಕಡಾವಾರು ಲೆಕ್ಕದಲ್ಲಿ ಮಾಡಿದರು.

2025ರವರೆಗೆ ಋತುವಿನ ಕೊನೆಗೆ ಮೊದಲ ಆರು ತಂಡಗಳ ಪ್ಲೇ-ಆಫ್ ಇತ್ತು. ಮೊದಲ ವಾರ 3ನೆಯವರು 6ನೆಯವರೊಂದಿಗೆ, 4ನೆಯವರು 5ನೆಯವರೊಂದಿಗೆ. 1 ಮತ್ತು 2 ನೇರ ಸೆಮಿಫೈನಲ್‌ಗೆ. ಫೈನಲ್‌ಗೆ ತಟಸ್ಥ ಮೈದಾನವಿರಲಿಲ್ಲ, ಪಟ್ಟಿಯಲ್ಲಿ ಮೇಲಿದ್ದವರ ಊರಲ್ಲೇ. ಅದು ಯಾವ ಊರೆಂದು ಒಂದು ವಾರದ ಮೊದಲಷ್ಟೇ ಗೊತ್ತಾಗುತ್ತಿದ್ದುದರಿಂದ ಟಿಕೆಟ್, ಭದ್ರತೆ, ವಿಮಾನ ಎಲ್ಲವನ್ನೂ ಆರೇಳು ದಿನದಲ್ಲಿ ಹೊಂದಿಸಬೇಕಿತ್ತು. 2025ರಲ್ಲಿ ಪಟ್ಟಿಯ ಮೊದಲಿಗರಾದ ಯಾರ್ಕ್ ತಮ್ಮ ಊರಲ್ಲೇ ಟುಲೂಸ್‌ಗೆ 10–8ರಿಂದ ಸೋತರು. ಆದರೂ ಸೂಪರ್ ಲೀಗ್ 12ರಿಂದ 14ಕ್ಕೆ ಹಿಗ್ಗಿದ್ದರಿಂದ ದರ್ಜೆ ಅಂಕ ಮತ್ತು ಸ್ವತಂತ್ರ ಸಮಿತಿಯ ತೀರ್ಮಾನದಂತೆ ಟುಲೂಸ್, ಯಾರ್ಕ್, ಬ್ರಾಡ್‌ಫರ್ಡ್ ಮೂರೂ 2026ಕ್ಕೆ ಮೇಲೆ ಹೋದವು.

ಹೋದವರಿಗೆ ಒಳ್ಳೆಯದೇ ಆಯಿತು. ಉಳಿದವರ ಲೆಕ್ಕ ಬೇರೆ. ಲೀಗ್ ಪಂದ್ಯದ ಟಿಕೆಟ್ ಹಣ ಆತಿಥೇಯ ಕ್ಲಬ್ಬಿನದು. ಬ್ರಾಡ್‌ಫರ್ಡ್ ತಂಡದ ಜೊತೆ ಅಭಿಮಾನಿಗಳು ದಂಡಾಗಿ ಬರುತ್ತಿದ್ದ ಒಂದು ಭಾನುವಾರ ಬ್ಯಾಟ್ಲಿ, ಹ್ಯಾಲಿಫ್ಯಾಕ್ಸ್‌ನಂಥ ಕ್ಲಬ್‌ಗಳಿಗೆ ವರ್ಷದ ಒಳ್ಳೆಯ ಆದಾಯದ ದಿನವಾಗಿತ್ತು. ಆ ಭಾನುವಾರ ಈಗ ವೇಳಾಪಟ್ಟಿಯಲ್ಲಿಲ್ಲ. ಮುಂದಿನ ಋತುವಿನ ಒಪ್ಪಂದಗಳಿಗೆ ಸಹಿ ಹಾಕುವ ಮೊದಲು ಖಜಾಂಚಿಗಳು ಕಳೆಯಬೇಕಾದ ಮೊದಲ ಮೊತ್ತ ಅದೇ.